ಕೊನೆಯ ಮೂರು ಕೋಟಿ ಕೊಟ್ಟವನೇ ಗೊಂಬೆಗೆ ಯಜಮಾನ

ನಿಮ್ಮ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಸ್ವಂತ ಮಗುವೇ ಆಗಬೇಕೆಂದಿಲ್ಲ, ಅಕ್ಕನ ಮಗನೋ ಅಣ್ಣನ ಮಗಳೋ ಆದರೂ ನಡೆಯುತ್ತೆ. ಆ ಮಗು ನೋಡುವ ಕಾರ್ಟೂನಿಗೆ ಅಂತ ನೀವು ಕಳೆದ ವರ್ಷ ಎಷ್ಟು ಖರ್ಚು ಮಾಡಿದ್ದೀರಿ? "ಏನೂ ಇಲ್ಲಪ್ಪ, ಡಿಟಿಎಚ್ ಪ್ಯಾಕ್‌ನಲ್ಲೇ ಬರುತ್ತೆ, ಇಲ್ಲಾಂದ್ರೆ ಯೂಟ್ಯೂಬ್ ಇದೆ" ಅಂತೀರಿ. ಸರಿ. ಈಗ ಅದರ ಸ್ಕೂಲ್ ಬ್ಯಾಗು, ನೀರಿನ ಬಾಟ್ಲಿ, ಟಿಫಿನ್ ಬಾಕ್ಸು, ಚಪ್ಪಲಿ, ಬೆಡ್‌ಶೀಟು, ಹೋದ ಬರ್ತ್‌ಡೇಯ ಕೇಕು, ಎಲ್ಲದರ ಮೇಲೆ ಯಾರ ಮುಖ ಇದೆ ಅಂತ ನೋಡಿ. ಛೋಟಾ ಭೀಮ್ ಇರಬಹುದು, ಪೆಪ್ಪಾ ಪಿಗ್ ಇರಬಹುದು, ಬ್ಲೂಯಿ ಇರಬಹುದು. ಕಾರ್ಟೂನಿನ ಬಿಲ್ ನೀವು ಕಟ್ಟೇ ಇದ್ದೀರಿ. ಟಿವಿ ಮುಂದೆ ಅಲ್ಲ, ಬ್ಯಾಗಿನ ಅಂಗಡಿಯಲ್ಲಿ.

ಈ ಸಲದ ಅಂಕಣ ಆ ಬಿಲ್ಲಿನ ಬಗ್ಗೆ. ಕಾರ್ಟೂನಿಗೆ ದುಡ್ಡು ಹಾಕೋರು ಯಾರು, ಗೊಂಬೆ ಮಾರಿದಾಗ ಬಂದ ದುಡ್ಡು ಎಲ್ಲಿಗೆ ಹೋಗುತ್ತೆ, ಅದನ್ನು ಬಿಡಿಸಿದವನ ಕೈಗೆ ಎಷ್ಟು ಬರುತ್ತೆ ಅನ್ನೋದರ ಬಗ್ಗೆ. ನಾನು ಕೋಡ್ ಬರೆಯುವವನು, ಕಾರ್ಟೂನ್ ಮಾಡುವವನಲ್ಲ. ಆದರೆ ಕಳೆದ ತಿಂಗಳು ಗೆಳೆಯನೊಬ್ಬನ ಒಪ್ಪಂದದ ಕಾಗದ ಓದಬೇಕಾಗಿ ಬಂತು. ಅದಕ್ಕೋಸ್ಕರ ಇದನ್ನೆಲ್ಲ ಕೂತು ಓದಿದೆ. ಅವನ ವಿಷಯಕ್ಕೆ ಆಮೇಲೆ ಬರ್ತೀನಿ.

ದುಡ್ಡು ಸಾಲಲ್ಲ, ಅಲ್ಲಿಂದಲೇ ಶುರು

ಅನಿಮೇಷನ್ ಅಂದರೆ ನಿಧಾನದ ಕೆಲಸ. ಏಳು ನಿಮಿಷದ ಒಂದು ಕಂತಿಗೆ ಕಥೆ, ಸ್ಟೋರಿಬೋರ್ಡ್, ಧ್ವನಿ, ಹಿನ್ನೆಲೆ ಚಿತ್ರ, ಚಲನೆ, ಸಂಗೀತ ಅಂತ ತಿಂಗಳುಗಟ್ಟಲೆ ಹಿಡಿಯುತ್ತೆ. ಒಂದು ಸೀಸನ್ ಅಂದರೆ ಸಾಮಾನ್ಯವಾಗಿ 26 ಅಥವಾ 52 ಕಂತು. ಪ್ರಸಾರ ಮಾಡುವ ಚಾನೆಲ್ ಇಷ್ಟೂ ಖರ್ಚನ್ನು ಕೊಡೋದು ಅಪರೂಪ. ಮಕ್ಕಳ ಚಾನೆಲ್‌ಗೆ ಜಾಹೀರಾತಿನ ದರ ಕಮ್ಮಿ. ಕ್ರಿಕೆಟ್‌ಗೋ ಧಾರಾವಾಹಿಗೋ ಸಿಗುವ ದರ ಅದಕ್ಕೆ ಸಿಗಲ್ಲ.

ಹಾಗಾಗಿ ನಿರ್ಮಾಪಕ ಚೂರುಚೂರಾಗಿ ಹಣ ಹೊಂದಿಸಬೇಕು. ಸುಲಭಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳೋಣ, ಇದು ಉದಾಹರಣೆ ಅಷ್ಟೇ. 52 ಕಂತಿಗೆ 10 ಕೋಟಿ ರೂಪಾಯಿ ಬೇಕು ಅಂದುಕೊಳ್ಳಿ. ಸ್ವಂತ ದೇಶದ ಚಾನೆಲ್ 3 ಕೋಟಿ ಕೊಡುತ್ತೆ. ಸರ್ಕಾರದ ಅನುದಾನ, ತೆರಿಗೆ ರಿಯಾಯಿತಿ ಸೇರಿ 2 ಕೋಟಿ. ಇನ್ನೂ ತಯಾರಾಗದ ಸರಣಿಯನ್ನು ಬೇರೆ ದೇಶದ ಚಾನೆಲ್‌ಗಳಿಗೆ ಮುಂಗಡವಾಗಿ ಮಾರಿ 2 ಕೋಟಿ. ಒಟ್ಟು 7 ಆಯ್ತು. ಇನ್ನು 3 ಕೋಟಿ?

ಇಲ್ಲಿ ವಿತರಕ ಬರ್ತಾನೆ. "ಆ ಮೂರು ಕೋಟಿ ನಾನು ಕೊಡ್ತೀನಿ. ಆದರೆ ಪ್ರಪಂಚದ ಎಲ್ಲ ಕಡೆ ಮಾರುವ ಹಕ್ಕು ನನಗೆ. ಗೊಂಬೆ, ಪುಸ್ತಕ, ಬಟ್ಟೆ, ಗೇಮು, ಎಲ್ಲದರ ಲೈಸೆನ್ಸ್ ಕೊಡುವ ಹಕ್ಕೂ ನನಗೆ." ನಿರ್ಮಾಪಕನ ಕೈಯಲ್ಲಿ 7 ಕೋಟಿ ಇದೆ, ಆದರೆ 7 ಕೋಟಿಯಲ್ಲಿ 10 ಕೋಟಿಯ ಸರಣಿ ಆಗಲ್ಲ. ಕೊನೆಯ ಮೂರು ಕೋಟಿ ಬರದೇ ಇದ್ದರೆ ಮೊದಲ ಏಳೂ ವಾಪಸ್. ಹಾಗಾಗಿ ಸಹಿ ಬೀಳುತ್ತೆ. ದುಡ್ಡು ಕೊಟ್ಟಿದ್ದು ಶೇ 30, ಸಿಕ್ಕಿದ್ದು ಗೊಂಬೆಯ ಅಂಗಡಿಯ ಕೀಲಿಕೈ.

ವಿತರಕನನ್ನು ಖಳನಾಯಕ ಅಂತ ತಿಳಿಯಬೇಡಿ. ಹತ್ತು ಸರಣಿಯಲ್ಲಿ ಬಹುಪಾಲು ಸದ್ದಿಲ್ಲದೆ ಮುಳುಗುತ್ತವೆ. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಹೆಚ್ಚು ಅಪಾಯದ ದುಡ್ಡು ಹಾಕುವವನು ಅವನು. ಆ ಅಪಾಯಕ್ಕೆ ಬೆಲೆ ಕೇಳ್ತಾನೆ. ಅದನ್ನು ಯಾವ ರೂಪದಲ್ಲಿ ಕೊಡಬೇಕು, ಎಷ್ಟು ಕಾಲಕ್ಕೆ ಕೊಡಬೇಕು ಅನ್ನೋದೇ ಪ್ರಶ್ನೆ.

ಬ್ಲೂಯಿ ಯಾರದ್ದು?

ಇದಕ್ಕೆ ಒಳ್ಳೆಯ ಉದಾಹರಣೆ ಬ್ಲೂಯಿ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ನೀಲಿ ನಾಯಿಮರಿ, ಅವಳ ತಂಗಿ ಬಿಂಗೊ, ಅಪ್ಪ, ಅಮ್ಮ. ಕಥೆ ಅಂದರೆ ಮನೆಯೊಳಗಿನ ಆಟ, ಅಷ್ಟೇ. ಸೃಷ್ಟಿಸಿದವರು ಜೋ ಬ್ರಮ್. ತಯಾರಿಸಿದ್ದು ಬ್ರಿಸ್ಬೇನ್‌ನ ಲುಡೊ ಸ್ಟುಡಿಯೋ. 2018ರ ಅಕ್ಟೋಬರ್ 1ರಂದು ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಮಕ್ಕಳ ವಾಹಿನಿಯಲ್ಲಿ ಶುರುವಾಯಿತು.

ಹಣ ಬಂದ ದಾರಿ ನೋಡಿ. ಎಬಿಸಿ ಮತ್ತು ಬ್ರಿಟನ್ನಿನ ಬಿಬಿಸಿಯ ವಾಣಿಜ್ಯ ವಿಭಾಗ ಸೇರಿ ಸರಣಿಗೆ ಒಪ್ಪಿಗೆ ಕೊಟ್ಟವು. ಕೇಂದ್ರದ ಸ್ಕ್ರೀನ್ ಆಸ್ಟ್ರೇಲಿಯಾ ಮತ್ತು ರಾಜ್ಯದ ಸ್ಕ್ರೀನ್ ಕ್ವೀನ್ಸ್‌ಲ್ಯಾಂಡ್ ಎಂಬ ಸಾರ್ವಜನಿಕ ಸಂಸ್ಥೆಗಳೂ ಹಣ ಹಾಕಿದವು. ಅಂದರೆ ಆಸ್ಟ್ರೇಲಿಯಾದ ತೆರಿಗೆದಾರರ ದುಡ್ಡು ಇದರಲ್ಲಿದೆ. ಆದರೆ ಜಗತ್ತಿನಾದ್ಯಂತ ವಿತರಿಸುವ ಹಕ್ಕು ಮತ್ತು ವಸ್ತುಗಳ ಲೈಸೆನ್ಸ್ ಹಕ್ಕು ಹೋಗಿದ್ದು ಈಗಿನ ಬಿಬಿಸಿ ಸ್ಟುಡಿಯೋಸ್ ಕೈಗೆ.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. 2019ರಲ್ಲಿ ಡಿಸ್ನಿ ಆಸ್ಟ್ರೇಲಿಯಾದ ಹೊರಗಿನ ಬಹುತೇಕ ದೇಶಗಳ ಪ್ರಸಾರದ ಹಕ್ಕು ಪಡೆಯಿತು. ಗೊಂಬೆ ಮಾಡುವ ಕೆಲಸ ಮೆಲ್ಬರ್ನಿನ ಮೂಸ್ ಟಾಯ್ಸ್‌ಗೆ ಸಿಕ್ಕಿತು. ನೀಲ್ಸನ್ ಲೆಕ್ಕದ ಪ್ರಕಾರ 2024ರಲ್ಲಿ ಅಮೆರಿಕದ ಸ್ಟ್ರೀಮಿಂಗ್‌ನಲ್ಲಿ ಅತಿ ಹೆಚ್ಚು ಹೊತ್ತು ನೋಡಿದ ಕಾರ್ಯಕ್ರಮ ಬ್ಲೂಯಿ, 5,500 ಕೋಟಿ ನಿಮಿಷಕ್ಕೂ ಹೆಚ್ಚು. ದೊಡ್ಡವರ ಸರಣಿಗಳೆಲ್ಲ ಅದರ ಹಿಂದೆ. ಅದೇ ವರ್ಷ ಬ್ರಿಸ್ಬೇನ್‌ನಲ್ಲಿ ಬ್ಲೂಯಿಯ ಮನೆಯನ್ನೇ ಕಟ್ಟಿ ಟಿಕೆಟ್ ಇಟ್ಟರು. 2027ಕ್ಕೆ ಸಿನಿಮಾ ಬರಲಿದೆ.

ಬಹಳ ಜನ ಬ್ಲೂಯಿ ಡಿಸ್ನಿಯದ್ದು ಅಂದುಕೊಂಡಿದ್ದಾರೆ. ಅಲ್ಲ. ಡಿಸ್ನಿಯದ್ದು ತೋರಿಸುವ ಹಕ್ಕು. ಲೈಸೆನ್ಸ್ ಮಾರೋದು ಬಿಬಿಸಿ ಸ್ಟುಡಿಯೋಸ್. ಬರೆದು ಬಿಡಿಸಿದ್ದು ಲುಡೊ. ಮೊದಲು ತೋರಿಸಿದ್ದು ಎಬಿಸಿ. ನಮ್ಮ ಆ್ಯಪ್‌ಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪರ್ಮಿಷನ್ ಇರುತ್ತಲ್ಲ, ಒಬ್ಬನಿಗೆ ನೋಡೋಕೆ ಮಾತ್ರ, ಇನ್ನೊಬ್ಬನಿಗೆ ತಿದ್ದೋಕೆ, ಮತ್ತೊಬ್ಬ ಅಡ್ಮಿನ್, ಹಾಗೆ. ಒಂದು ಪಾತ್ರದ ಮಾಲೀಕತ್ವ ಅಂದರೆ ಒಂದೇ ವಸ್ತುವಲ್ಲ, ಕೀಲಿಗಳ ಗೊಂಚಲು. ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ಈ ಚರ್ಚೆ ಏಳುತ್ತೆ: ನಮ್ಮ ದುಡ್ಡಲ್ಲಿ ಹುಟ್ಟಿದ ನಾಯಿಮರಿಯ ಗೊಂಬೆ ಲಾಭ ಲಂಡನ್ನಿಗೆ ಯಾಕೆ ಹೋಗಬೇಕು ಅಂತ. ಹೋಗುತ್ತೆ, ಯಾಕಂದರೆ ಇದು ಗೆಲ್ಲುತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ದಿನ ಆ ಕೀಲಿ ಅಲ್ಲಿಗೆ ಹೋಗಿತ್ತು.

ಸಾವಿರ ರೂಪಾಯಿ ಗೊಂಬೆಯಲ್ಲಿ ಯಾರಿಗೆಷ್ಟು?

ಲೈಸೆನ್ಸ್ ಅಂದರೆ ಏನು? ಸ್ಟುಡಿಯೋ ತಾನೇ ಗೊಂಬೆ ಹೊಲಿಯಲ್ಲ. "ಈ ಮುಖ ಬಳಸಿಕೊಳ್ಳಿ, ಮಾರಿದ್ದಕ್ಕೆ ಇಷ್ಟು ಪರ್ಸೆಂಟ್ ಕೊಡಿ" ಅಂತ ಆಟಿಕೆ ಕಂಪನಿಗೆ ಅನುಮತಿ ಕೊಡುತ್ತೆ. ಆ ಪರ್ಸೆಂಟೇ ರಾಯಲ್ಟಿ. ಅದನ್ನು ಎಂಆರ್‌ಪಿ ಮೇಲೆ ಅಲ್ಲ, ಕಂಪನಿ ಅಂಗಡಿಗೆ ಕೊಡುವ ಸಗಟು ಬೆಲೆಯ ಮೇಲೆ ಲೆಕ್ಕ ಹಾಕೋದು ರೂಢಿ.

ಮತ್ತೊಂದು ಊಹೆಯ ಲೆಕ್ಕ. ಗೊಂಬೆಯ ಎಂಆರ್‌ಪಿ 1,000 ರೂಪಾಯಿ. ಸಗಟು ಬೆಲೆ 500. ರಾಯಲ್ಟಿ ಶೇ 10 ಅಂದರೆ 50 ರೂಪಾಯಿ. ಮಧ್ಯದಲ್ಲಿ ಲೈಸೆನ್ಸಿಂಗ್ ಏಜೆಂಟ್ ಇದ್ದರೆ ಅವನು ಶೇ 30 ತೆಗೆದುಕೊಂಡ ಅನ್ನಿ, 15 ರೂಪಾಯಿ ಹೋಯ್ತು. ಉಳಿದ 35ರಲ್ಲಿ ವಿತರಕನೂ ಸ್ಟುಡಿಯೋವೂ ಸಮಪಾಲು ಅಂತ ಒಪ್ಪಂದ ಇದ್ದರೆ ಸ್ಟುಡಿಯೋಗೆ ಹದಿನೇಳೂವರೆ ರೂಪಾಯಿ.

ಅದೂ ತಕ್ಷಣ ಅಲ್ಲ. ವಿತರಕ ಆ ಮೂರು ಕೋಟಿ ಕೊಟ್ಟಿದ್ದಾನಲ್ಲ, ಅದು ವಾಪಸ್ ಬರೋವರೆಗೂ ಸ್ಟುಡಿಯೋ ಪಾಲು ಸೊನ್ನೆ ಅಂತ ಕಾಗದದಲ್ಲಿ ಇರಬಹುದು. ಜೊತೆಗೆ ಅವನ ಮಾರಾಟದ ಕಮಿಷನ್ನು, ಮೇಳಗಳಿಗೆ ಹೋಗಿಬಂದ ಖರ್ಚು ಮೊದಲು ಕಳೆಯುತ್ತೆ. ಅದಕ್ಕೇ ಈ ವ್ಯವಹಾರದಲ್ಲಿ "ಎಷ್ಟು ಪಾಲು" ಅನ್ನೋದಕ್ಕಿಂತ "ಏನೇನು ಕಳೆದ ಮೇಲಿನ ಪಾಲು" ಅನ್ನೋ ಪ್ರಶ್ನೆ ದೊಡ್ಡದು.

ಇಷ್ಟು ಸಣ್ಣ ಮೊತ್ತಕ್ಕೆ ಯಾಕೆ ಇಷ್ಟು ಜಗಳ ಅಂದರೆ, ಪುಟ್ಟ ಮಕ್ಕಳ ಕಾರ್ಟೂನ್ ಹಳೆಯದಾಗಲ್ಲ. ಮೂರು ವರ್ಷದ ಮಗುವಿಗೆ ಹತ್ತು ವರ್ಷ ಹಿಂದಿನ ಕಂತೂ ಹೊಸದೇ. ಅದು ಆರು ವರ್ಷಕ್ಕೆ ಬಿಟ್ಟುಬಿಡುತ್ತೆ, ಅಷ್ಟರಲ್ಲಿ ಇನ್ನೊಂದು ಬ್ಯಾಚ್ ರೆಡಿ. ಒಂದೇ ಕಂತನ್ನು ಐವತ್ತು ಸಲ ನೋಡೋ ಪ್ರೇಕ್ಷಕರು ಇನ್ನೆಲ್ಲೂ ಸಿಗಲ್ಲ. ನೋಡಿದ್ದನ್ನು ಅಪ್ಪಿಕೊಂಡು ಮಲಗಬೇಕು ಅನ್ನೋರೂ ಇವರೇ.

ಹಂದಿ ಬಿಟ್ಟು ಮಿಕ್ಕಿದ್ದು ಮಾರಿದರು

ಪೆಪ್ಪಾ ಪಿಗ್ ಕಥೆ ಕೇಳಿದರೆ ಇದರ ಗಾತ್ರ ತಿಳಿಯುತ್ತೆ. 2004ರಲ್ಲಿ ಬ್ರಿಟನ್ನಿನ ಚಾನೆಲ್ 5ರಲ್ಲಿ ಶುರುವಾದ ಸರಣಿ ಅದು. ಮಾಡಿದವರು ನೆವಿಲ್ ಆಸ್ಟ್ಲಿ, ಮಾರ್ಕ್ ಬೇಕರ್, ಫಿಲ್ ಡೇವಿಸ್ ಎಂಬ ಮೂವರು. ಮೂವರ ಹೆಸರಲ್ಲೇ ಕಂಪನಿ. ಅವರು ತಮ್ಮ ಪಾಲನ್ನು ಕೈಯಲ್ಲಿ ಇಟ್ಟುಕೊಂಡಿದ್ದರು. 2015ರಲ್ಲಿ ವಿತರಕ ಕಂಪನಿ ಎಂಟರ್‌ಟೈನ್‌ಮೆಂಟ್ ಒನ್ ಆ ಪುಟ್ಟ ಕಂಪನಿಯ ಶೇ 70 ಪಾಲು ಕೊಳ್ಳೋಕೆ ಕೊಟ್ಟದ್ದು 14 ಕೋಟಿ ಪೌಂಡ್.

2019ರಲ್ಲಿ ಆಟಿಕೆ ದೈತ್ಯ ಹಾಸ್ಬ್ರೊ, ಎಂಟರ್‌ಟೈನ್‌ಮೆಂಟ್ ಒನ್ನನ್ನೇ ಸುಮಾರು 400 ಕೋಟಿ ಡಾಲರಿಗೆ ಕೊಂಡಿತು. ಸಿನಿಮಾ, ಧಾರಾವಾಹಿ, ಸಂಗೀತ ಎಲ್ಲ ಇದ್ದ ಕಂಪನಿ ಅದು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ಅದರ ಸಿನಿಮಾ ಮತ್ತು ಟಿವಿ ವ್ಯವಹಾರವನ್ನು ಸುಮಾರು 50 ಕೋಟಿ ಡಾಲರಿಗೆ ಲಯನ್ಸ್‌ಗೇಟ್‌ಗೆ ಮಾರಿತು. ಏನನ್ನು ಇಟ್ಟುಕೊಂಡಿತು ಗೊತ್ತಾ? ಪೆಪ್ಪಾ ಮತ್ತು ಅಂಥ ಮಕ್ಕಳ ಪಾತ್ರಗಳನ್ನು. ಸಿನಿಮಾಗಳ ರಾಶಿ ಹೋಗಲಿ, ಹಂದಿಮರಿ ಇರಲಿ ಅಂತ.

ಗೊಂಬೆಯೇ ಮೊದಲು ಹುಟ್ಟಿದರೆ

ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಯಾಕಂದರೆ ಬಿಲ್ ಕಟ್ಟೋರು ನಾವು. ನಮಗಿಂತ ಹತ್ತು ವರ್ಷ ದೊಡ್ಡವರು ದೂರದರ್ಶನದಲ್ಲಿ ನೋಡಿದ ಹೀ-ಮ್ಯಾನ್ ನೆನಪಿರಬಹುದು. ಅಲ್ಲಿ ಕಾರ್ಟೂನಿನಿಂದ ಗೊಂಬೆ ಬಂದದ್ದಲ್ಲ. 1982ರಲ್ಲಿ ಮ್ಯಾಟೆಲ್ ಗೊಂಬೆ ತಂದಿತು, 1983ರಲ್ಲಿ ಅದಕ್ಕೆ ಕಾರ್ಟೂನ್ ಬಂತು. 1984ರಲ್ಲಿ ಹಾಸ್ಬ್ರೊದ ಟ್ರಾನ್ಸ್‌ಫಾರ್ಮರ್ಸ್ ಅದೇ ದಾರಿ ಹಿಡಿಯಿತು. ಅದಕ್ಕೆ ಮುಂಚೆ, 1969ರಲ್ಲಿ, ಹಾಟ್ ವೀಲ್ಸ್ ಕಾರುಗಳ ಮೇಲಿನ ಕಾರ್ಟೂನನ್ನು "ಇದು ಕಾರ್ಯಕ್ರಮ ಅಲ್ಲ, ಅರ್ಧ ಗಂಟೆಯ ಜಾಹೀರಾತು" ಅಂತ ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಆಕ್ಷೇಪಿಸಿತ್ತು. ಎಂಬತ್ತರ ದಶಕದಲ್ಲಿ ಆ ನಿಯಮಗಳು ಸಡಿಲವಾದವು, ಗೊಂಬೆ ಕಾರ್ಟೂನ್‌ಗಳ ಪ್ರವಾಹ ಬಂತು. 1990ರ ಕಾನೂನು ಮಕ್ಕಳ ಕಾರ್ಯಕ್ರಮದಲ್ಲಿ ಗಂಟೆಗೆ ಇಷ್ಟೇ ನಿಮಿಷ ಜಾಹೀರಾತು ಅಂತ ಮಿತಿ ಹಾಕಿತು: ವಾರಾಂತ್ಯದಲ್ಲಿ ಹತ್ತೂವರೆ ನಿಮಿಷ, ಉಳಿದ ದಿನ ಹನ್ನೆರಡು.

ಗೊಂಬೆ ಮಾರೋಕೆ ಅಂತಲೇ ಕಥೆ ಬರೆದರೆ ಅದು ಕಾಣುತ್ತೆ. ಪ್ರತಿ ಸೀಸನ್‌ಗೆ ಹೊಸ ವಾಹನ, ಹೊಸ ಸೂಟು, ಹೊಸ ಗೋಪುರ. ಕಥೆಗೆ ಬೇಕಾಗಿ ಅಲ್ಲ, ಶೆಲ್ಫಿಗೆ ಬೇಕಾಗಿ. ಮಗು ಹಠ ಹಿಡಿದಾಗ ನಾವು ಬೈಯೋದು ಮಗುವನ್ನು. ಆ ಹಠವನ್ನು ಕಂತು ಬರೆಯೋ ಮುಂಚೆಯೇ ಮೀಟಿಂಗಿನಲ್ಲಿ ಲೆಕ್ಕ ಹಾಕಿದ್ದರು ಅನ್ನೋದು ಗೊತ್ತಿದ್ದರೆ ಬೈಗುಳ ಸ್ವಲ್ಪ ಕಮ್ಮಿ ಆಗಬಹುದು. ಬ್ಲೂಯಿಯಲ್ಲಿ ನನಗೆ ಇಷ್ಟ ಆಗೋದು ಅದೇ. ಆ ಮಕ್ಕಳು ಆಡೋದು ಹೆಚ್ಚಾಗಿ ಬಲೂನು, ದಿಂಬು, ರಟ್ಟಿನ ಡಬ್ಬದ ಜೊತೆ. ಅವನ್ನು ಕೊಳ್ಳೋಕೆ ಮಾಲಿಗೆ ಹೋಗಬೇಕಿಲ್ಲ.

ನಮ್ಮ ಕಡೆ ಏನು ಕಥೆ?

ನಮ್ಮ ದೇಶದಲ್ಲಿ ಈ ಆಟವನ್ನು ಸರಿಯಾಗಿ ಆಡಿದವರು ಹೈದರಾಬಾದಿನ ರಾಜೀವ್ ಚಿಲಕ. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂಎಸ್ ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಅದನ್ನು ಬಿಟ್ಟು ಅನಿಮೇಷನ್ ಕಲಿತು 2001ರಲ್ಲಿ ಗ್ರೀನ್ ಗೋಲ್ಡ್ ಶುರು ಮಾಡಿದರು. 2008ರಲ್ಲಿ ಪೋಗೋದಲ್ಲಿ ಛೋಟಾ ಭೀಮ್ ಬಂದ. ತೋರಿಸಿದ್ದು ಚಾನೆಲ್, ಪಾತ್ರ ಗ್ರೀನ್ ಗೋಲ್ಡ್‌ನದ್ದು. ಆಮೇಲೆ ಬ್ಯಾಗು, ಬಟ್ಟೆ, ಆಟಿಕೆ, ಸ್ವಂತ ಅಂಗಡಿ, ಸಿನಿಮಾ ಎಲ್ಲ ಬಂತು. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಮಾಡಿದ "ಮೈಟಿ ಲಿಟಲ್ ಭೀಮ್"ನಲ್ಲಿ ಮಾತೇ ಇಲ್ಲ. ಮಾತಿಲ್ಲದಿದ್ದರೆ ಡಬ್ಬಿಂಗ್ ಬೇಡ, ಯಾವ ದೇಶದ ಮಗು ಬೇಕಾದರೂ ನೋಡಬಹುದು. ಇದೂ ಒಂದು ಹಣಕಾಸಿನ ಜಾಣ್ಮೆಯೇ.

ಹಾಗಂತ ಭೀಮನ ಮುಖ ಇದ್ದಲ್ಲೆಲ್ಲ ಅವರಿಗೆ ದುಡ್ಡು ಹೋಗುತ್ತೆ ಅಂತಲ್ಲ. ನಮ್ಮೂರ ಜಾತ್ರೆಯ ಬಲೂನಿನ ಮೇಲೆ, ಫುಟ್‌ಪಾತಿನ ಬ್ಯಾಗಿನ ಮೇಲೆ ಇರೋ ಭೀಮ ಯಾರ ಲೈಸೆನ್ಸೂ ಕೇಳಿ ಬಂದವನಲ್ಲ. ನಕಲಿ ಮಾಲಿನ ಎದುರು ಲೈಸೆನ್ಸ್ ವ್ಯವಹಾರ ಮಾಡೋದು ನಮ್ಮಲ್ಲಿ ಇನ್ನೂ ಕಷ್ಟ.

ಬೆಂಗಳೂರಿಗೆ ಬನ್ನಿ. ಇಲ್ಲಿ ಅನಿಮೇಷನ್ ಕೌಶಲಕ್ಕೆ ಬರ ಇಲ್ಲ. ರಾಜ್ಯ ಸರ್ಕಾರ 2012ರಲ್ಲೇ ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತ್ತು. ಆದರೆ ಬಹುಪಾಲು ಕೆಲಸ ಹೊರದೇಶದ ಸರಣಿ, ಸಿನಿಮಾಗಳಿಗೆ ಗಂಟೆ ಲೆಕ್ಕದಲ್ಲಿ, ಶಾಟ್ ಲೆಕ್ಕದಲ್ಲಿ ಮಾಡಿಕೊಡೋದು. ಐಟಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವು ಸರ್ವಿಸಸ್ ಅಂತೀವಲ್ಲ, ಅದೇ. ಸಂಬಳ ಬರುತ್ತೆ, ಪಾತ್ರ ಅವರದ್ದು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಇದರ ಬೆಲೆ ಗೊತ್ತಾಯ್ತು. ತಪ್ಪು ಲೆಕ್ಕ ಆದದ್ದು ಎಲ್ಲೋ, ಕೆಲಸ ಹೋದದ್ದು ಬೆಂಗಳೂರಿನಲ್ಲೂ, ಸಾವಿರಾರು ಜನರದ್ದು. ಎಷ್ಟು ಒಳ್ಳೆಯ ಕೆಲಸ ಮಾಡಿದ್ದರೂ ಅವರ ಹೆಸರಲ್ಲಿ ಉಳಿದದ್ದು ಶೋರೀಲ್ ಮಾತ್ರ.

ಗೆಳೆಯನ ಕೆಂದಳಿಲು

ಈಗ ಗೆಳೆಯನ ವಿಷಯ. ಸಾಗರದ ಕಡೆಯವನು, ಎಂಜಿನಿಯರಿಂಗ್‌ನಲ್ಲಿ ನನ್ನ ಪಕ್ಕದ ಬೆಂಚು. ಓದಿದ್ದು ಎಲೆಕ್ಟ್ರಾನಿಕ್ಸ್, ಸೇರಿದ್ದು ಅನಿಮೇಷನ್ ಸ್ಟುಡಿಯೋ. ಎಂಟು ವರ್ಷದಿಂದ ಹೊರದೇಶದ ಕಾರ್ಟೂನ್‌ಗಳಿಗೆ ಕೆಲಸ ಮಾಡ್ತಿದ್ದಾನೆ. ಅವನ ಕೈ ಓಡಾಡಿದ ಒಂದು ಪಾತ್ರದ ಗೊಂಬೆಯನ್ನು ಮಗಳಿಗೆ ಅಂತ 1,800 ರೂಪಾಯಿ ಕೊಟ್ಟು ತಂದಿದ್ದ. "ಎಂಪ್ಲಾಯೀ ಡಿಸ್ಕೌಂಟ್ ಇಲ್ವೇನೋ" ಅಂದೆ. "ನಾನು ಯಾರು ಅಂತ ಅವರಿಗೆ ಗೊತ್ತೇ ಇಲ್ಲ ಕಣೋ" ಅಂದ.

ಎರಡು ವರ್ಷದಿಂದ ರಾತ್ರಿ ಹೊತ್ತು ಅವನು ಮತ್ತಿಬ್ಬರು ಸೇರಿ ತಮ್ಮದೇ ಒಂದು ಕಥೆ ಕಟ್ಟಿದ್ದಾರೆ. ಹಲಸಿನ ಮರದ ಮೇಲೆ ಇರೋ ಎರಡು ಕೆಂದಳಿಲು, ಅಕ್ಕ ತಮ್ಮ, ಅವರ ಅಜ್ಜಿ. ಮಾತೆಲ್ಲ ಮಲೆನಾಡಿನ ಕನ್ನಡ. ಒಂದೂವರೆ ನಿಮಿಷದ ಪೈಲಟ್ ಮಾಡಿದ್ದಾರೆ. ನಾನು ನಾಲ್ಕು ಸಲ ನೋಡಿದ್ದೀನಿ, ಅಜ್ಜಿ ಹಲಸಿನ ತೊಳೆ ಎಣಿಸೋ ಜಾಗದಲ್ಲಿ ನಾಲ್ಕೂ ಸಲ ನಗು ಬಂತು.

ಒಂದು ಕಂಪನಿ ಅದನ್ನು ಕೇಳಿತು. ಮೂವರಿಗೂ ಸೇರಿ 12 ಲಕ್ಷ, ಜೊತೆಗೆ ಅವನಿಗೆ ನಿರ್ದೇಶಕನ ಕೆಲಸ. ಕಾಗದದಲ್ಲಿ ಒಂದು ಸಾಲು: ಪಾತ್ರಗಳ ಎಲ್ಲ ಹಕ್ಕು, ಎಲ್ಲ ಮಾಧ್ಯಮದಲ್ಲಿ, ಈಗ ಇರೋವು ಮತ್ತು ಮುಂದೆ ಬರೋವು, ಶಾಶ್ವತವಾಗಿ, ಇಡೀ ಜಗತ್ತಿಗೆ. "ಮಗಾ, ಹನ್ನೆರಡು ಲಕ್ಷ ಅಂದ್ರೆ ನನ್ನ ಪಾಲಿಗೆ ನಾಲ್ಕು. ಹೋಮ್ ಲೋನ್ ಇಎಂಐ ಒಂದು ವರ್ಷ ನೆಮ್ಮದಿ. ಆಫೀಸಲ್ಲಿ ಯಾವಾಗ ಮೇಲ್ ಬರುತ್ತೋ ಗೊತ್ತಿಲ್ಲ. ಬಿಡೋಕಾಗುತ್ತಾ?" ಅಂದ. ಅವನ ಹೆಂಡತಿಗೆ ಏಳು ತಿಂಗಳು.

"ಬಿಡು, ಸಹಿ ಮಾಡಬೇಡ" ಅಂತ ಹೇಳೋದು ನನಗೆ ಸುಲಭ, ಇಎಂಐ ನನ್ನದಲ್ಲವಲ್ಲ. ಹಾಗಾಗಿ ಬೇರೆ ಕೆಲಸ ಮಾಡಿದೆವು. ಕೀಲಿ ಗೊಂಚಲನ್ನು ಬಿಡಿಸಿ ಪಟ್ಟಿ ಮಾಡಿದೆವು. ಭಾರತದ ಟಿವಿ ಪ್ರಸಾರ, ಸ್ಟ್ರೀಮಿಂಗ್, ಹೊರದೇಶ, ಪುಸ್ತಕ, ಗೊಂಬೆ, ಗೇಮು, ಸಿನಿಮಾ, ಮುಂದಿನ ಸೀಸನ್. ಯಾವುದು ಕೊಟ್ಟರೆ ನೋವಿಲ್ಲ, ಯಾವುದು ಕೊಟ್ಟರೆ ಹತ್ತು ವರ್ಷ ನಿದ್ದೆ ಬರಲ್ಲ ಅಂತ ಗುರುತು ಹಾಕಿದೆವು. ಮೂವರೂ ಕೂತು ಚರ್ಚಿಸಿದರು. ಐಪಿ ವಿಷಯ ಗೊತ್ತಿರೋ ಒಬ್ಬ ವಕೀಲರಿಗೆ ಫೀಸು ಕೊಟ್ಟು ತೋರಿಸಿದರು.

ಕಂಪನಿಗೆ ಬರೆದ ಉತ್ತರ ಇಷ್ಟು. ದುಡ್ಡು 12ರ ಬದಲು 8 ಲಕ್ಷ ಕೊಟ್ಟರೂ ಸರಿ. ಪ್ರಸಾರದ ಹಕ್ಕು ಏಳು ವರ್ಷಕ್ಕೆ ಕೊಡ್ತೀವಿ. ಎರಡು ವರ್ಷದೊಳಗೆ ಸರಣಿ ಶುರುವಾಗದಿದ್ದರೆ ಪಾತ್ರ ನಮಗೆ ವಾಪಸ್. ಕನ್ನಡದ ಪುಸ್ತಕ ಮತ್ತು ಮರದ ಗೊಂಬೆಯ ಹಕ್ಕು ನಮ್ಮ ಹತ್ತಿರವೇ ಇರಲಿ. ಬೇರೆ ವಸ್ತುಗಳ ಲೈಸೆನ್ಸ್ ನೀವೇ ನೋಡಿಕೊಳ್ಳಿ, ಬಂದದ್ದರಲ್ಲಿ ಇಷ್ಟು ಪಾಲು, ಖರ್ಚು ಕಳೆಯೋಕೆ ಇಷ್ಟು ಮಿತಿ. ಮರದ ಗೊಂಬೆ ಯಾಕೆ ಅಂದರೆ, ಆ ಅಳಿಲುಗಳನ್ನು ಚನ್ನಪಟ್ಟಣದಲ್ಲಿ ಅರಗಿನ ಬಣ್ಣದಲ್ಲಿ ಮಾಡಿಸಬೇಕು ಅನ್ನೋದು ಅವನ ಆಸೆ. ಬಾಲ ಬೇರೆ ಬಣ್ಣ, ಕಡೆದು ಜೋಡಿಸಬಹುದಂತೆ.

ಮೂರು ವಾರ ಆಯ್ತು, ಆ ಕಡೆಯಿಂದ ಉತ್ತರ ಬಂದಿಲ್ಲ. "ಓದ್ತಾ ಇದ್ದೀವಿ" ಅಂತ ಒಂದು ಮೆಸೇಜ್, ಅಷ್ಟೇ. ಸಿಗದೇ ಹೋಗಬಹುದು. ನಾಲ್ಕು ಲಕ್ಷ ಕೈಬಿಟ್ಟಿತು ಅಂತ ಮನೆಯಲ್ಲಿ ಮಾತು ಬರಬಹುದು, ಅದು ಅವನಿಗೂ ಗೊತ್ತು. ಅವನ ಹೆಂಡತಿಯೇ ಕೊನೆಗೆ, "ಕಾಯೋಣ, ಅಜ್ಜಿಯನ್ನ ಮಾರೋಕೆ ನಂಗೂ ಮನಸ್ಸಿಲ್ಲ" ಅಂದಳಂತೆ.

ನಿಮ್ಮ ಡ್ರಾಯರ್‌ನಲ್ಲೂ ಒಂದು ಕಾಗದ ಇದೆ

"ನಾನು ಕಾರ್ಟೂನ್ ಮಾಡಲ್ಲ, ನನಗ್ಯಾಕೆ ಇದು" ಅನ್ನಬೇಡಿ. ನಿಮ್ಮ ಆಫರ್ ಲೆಟರ್ ತೆಗೆದು ನೋಡಿ. ಬಹುತೇಕ ಸಾಫ್ಟ್‌ವೇರ್ ಕಂಪನಿಗಳ ಕಾಗದದಲ್ಲಿ, ಕೆಲಸದ ಅವಧಿಯಲ್ಲಿ ನೀವು ಮಾಡಿದ್ದೆಲ್ಲ ಕಂಪನಿಯದ್ದು ಅಂತ ಒಂದು ಸಾಲು ಇರುತ್ತೆ. ಕೆಲವು ಕಡೆ ಆಫೀಸಿನ ಲ್ಯಾಪ್‌ಟಾಪಿನಲ್ಲಿ, ಆಫೀಸಿನ ಹೊತ್ತಲ್ಲಿ ಮಾಡಿದ್ದು ಮಾತ್ರ ಅಂತಿರುತ್ತೆ. ಕೆಲವು ಕಡೆ ಅಷ್ಟು ಬಿಡಿಸಿ ಬರೆದಿರಲ್ಲ. ನೀವು ರಾತ್ರಿ ಮಾಡ್ತಿರೋ ಆ್ಯಪ್, ಬರೀತಿರೋ ಕಾಮಿಕ್, ಹಾಡು, ಗೇಮು ಯಾರದ್ದು ಅನ್ನೋದನ್ನು ಅದು ಹಿಟ್ ಆಗೋ ಮುಂಚೆ ತಿಳಿದುಕೊಳ್ಳಿ. ಹಿಟ್ ಆದ ಮೇಲೆ ಎಲ್ಲರಿಗೂ ನೆನಪು ಬರುತ್ತೆ.

ಯಾರಾದರೂ ನೀವು ಮಾಡಿದ್ದಕ್ಕೆ ದುಡ್ಡು ಕೊಡ್ತೀವಿ ಅಂದರೆ ನಾಲ್ಕು ಪ್ರಶ್ನೆ ಕೇಳಿ. ಯಾವ ಹಕ್ಕು? ಯಾವ ಜಾಗಕ್ಕೆ? ಎಷ್ಟು ವರ್ಷಕ್ಕೆ? ನೀವು ಏನೂ ಮಾಡದೆ ಸುಮ್ಮನಿದ್ದರೆ ಅದು ನನಗೆ ಯಾವಾಗ ವಾಪಸ್ ಬರುತ್ತೆ? ನಾಲ್ಕನೆಯದನ್ನು ಕೇಳೋರು ಕಮ್ಮಿ. ತಗೊಂಡು ಪೆಟ್ಟಿಗೆಯಲ್ಲಿಟ್ಟ ಕಥೆಗಳು ಈ ಊರಲ್ಲಿ ಎಷ್ಟಿವೆಯೋ.

ಮುಂದಿನ ಸಲ ಮಗುವಿಗೆ ಬ್ಯಾಗು ಕೊಳ್ಳುವಾಗ ಹಿಂದೆ ತಿರುಗಿಸಿ ಲೇಬಲ್ ಓದಿ. ಲೈಸೆನ್ಸ್ ಇರೋ ಮಾಲಾದರೆ ಒಂದು ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತೆ. ಆ ಕೊನೆಯ ಮೂರು ಕೋಟಿ ಯಾರು ಕೊಟ್ಟಿದ್ದರು ಅಂತ ಊಹಿಸೋಕೆ ಅಷ್ಟು ಸಾಕು.